ಹೂ ಉದುರಿದ ಮೇಲೆ ಕಾಯುವವರು ಯಾರು?

ಪಾಸ್ಕ ಕಾಲದ ಬೈಬಲ್ ಅಧ್ಯಯನ
ಮೊದಲು ಓದಿಕೊಳ್ಳಬೇಕಾದ ಭಾಗಗಳು: ಯೆರೆಮೀಯ 1:4-12, 31:27-28, 32:6-15



ಈ ತಿಂಗಳ ಅಧ್ಯಯನಕ್ಕೆ ನಾವು ಆರಿಸಿಕೊಂಡಿರುವುದು ಪ್ರವಾದಿ ಯೆರೆಮೀಯನ ಗ್ರಂಥದ ಮೊದಲ ಅಧ್ಯಾಯವನ್ನು, ಅದರಲ್ಲೂ ಮುಖ್ಯವಾಗಿ 11 ಮತ್ತು 12ನೇ ವಚನಗಳನ್ನು. ಯೆರೆಮೀಯ ಜೆರುಸಲೇಮಿನಿಂದ ಸುಮಾರು ಐದು ಕಿಲೋಮೀಟರ್ ದೂರದ ಅನಾತೋತ್ ಎಂಬ ಹಳ್ಳಿಯವನು, ಯಾಜಕ ಮನೆತನದವನು. ದೇವರು ಅವನನ್ನು ಕರೆದಾಗ ಅವನು ಹೇಳಿದ ಮೊದಲ ಮಾತು, ತಾನಿನ್ನೂ ಚಿಕ್ಕವನು, ಮಾತನಾಡಲು ಬಾರದವನು ಎಂದು. ದೇವರು ಆ ನೆಪವನ್ನು ಒಪ್ಪಲಿಲ್ಲ. ಅವನ ಬಾಯನ್ನು ಮುಟ್ಟಿ, ಆರು ಕೆಲಸಗಳನ್ನು ಒಟ್ಟಿಗೇ ಹೇಳಿದರು: ಕೀಳುವುದು, ಕೆಡವುವುದು, ನಾಶಮಾಡುವುದು, ಉರುಳಿಸುವುದು, ಕಟ್ಟುವುದು, ನೆಡುವುದು. ಇವುಗಳಲ್ಲಿ ಮೊದಲನೆಯದೂ ಕೊನೆಯದೂ ರೈತನ ಕೆಲಸಗಳು ಎಂಬುದನ್ನು ಗಮನಿಸಿ.

ಇಷ್ಟು ದೊಡ್ಡ ಹೊಣೆ ಹೊರಿಸಿದ ಮೇಲೆ ಅವನನ್ನು ಕೂಡಲೇ ಅರಮನೆಗೋ ದೇವಾಲಯಕ್ಕೋ ಕಳುಹಿಸಬೇಕಿತ್ತಲ್ಲವೇ? ದೇವರು ಹಾಗೆ ಮಾಡಲಿಲ್ಲ. ನಿನಗೆ ಏನು ಕಾಣಿಸುತ್ತಿದೆ ಎಂದು ಕೇಳಿದರು. ಬಾದಾಮಿ ಮರದ ಒಂದು ರೆಂಬೆ ಎಂದನು ಯೆರೆಮೀಯ. ಸರಿಯಾಗಿ ಕಂಡಿದ್ದೀಯೆ, ನನ್ನ ವಾಕ್ಯ ನೆರವೇರುವಂತೆ ನಾನು ಎಚ್ಚರವಾಗಿ ಕಾಯುತ್ತಿದ್ದೇನೆ ಎಂದರು ದೇವರು.

ನಮ್ಮ ಭಾಷೆಯಲ್ಲಿ ಓದುವಾಗ ಇಲ್ಲಿ ಕೊಂಡಿ ತಪ್ಪಿದಂತೆ ಅನ್ನಿಸುತ್ತದೆ. ಬಾದಾಮಿ ರೆಂಬೆಗೂ ದೇವರು ಕಾಯುವುದಕ್ಕೂ ಏನು ಸಂಬಂಧ? ಸಂಬಂಧ ಇರುವುದು ಹಿಬ್ರೂ ಭಾಷೆಯಲ್ಲಿ. ಬಾದಾಮಿಗೆ ಆ ಭಾಷೆಯಲ್ಲಿ 'ಶಾಕೇದ್' ಎನ್ನುತ್ತಾರೆ. ಎಚ್ಚರವಿದ್ದು ಕಾಯುವವನಿಗೆ 'ಶೋಕೇದ್'. ಎರಡಕ್ಕೂ ಅವೇ ಮೂರು ವ್ಯಂಜನಗಳು. ಸ್ವರ ಮಾತ್ರ ಬೇರೆ. ಕೇಳಿದವರ ಕಿವಿಗೆ ಆ ಪ್ರಶ್ನೋತ್ತರ ಒಂದೇ ತಂತಿಯ ಎರಡು ನಾದದಂತೆ ಕೇಳಿಸುತ್ತಿತ್ತು.

ಪದದ ಮೇಲಿನ ಇಂಥ ಆಟ ಭಾಷೆಯ ಗಡಿ ದಾಟುವಾಗ ಉದುರಿಹೋಗುತ್ತದೆ. ಇದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ತಮಿಳು ಪೂಜೆಯ ಪ್ರಬೋಧನೆಯಲ್ಲಿ ಎಲ್ಲರನ್ನೂ ನಗಿಸಿದ ಒಂದು ಮಾತು, ಅದೇ ಗುರುಗಳ ಬಾಯಲ್ಲಿ ಮುಂದಿನ ಕನ್ನಡ ಪೂಜೆಗೆ ಬರುವಷ್ಟರಲ್ಲಿ ಸಪ್ಪೆಯಾಗಿರುತ್ತದೆ. ಆದರೆ ಈ ಒಂದು ಕಡೆ ಕನ್ನಡಕ್ಕೆ ಅದರದೇ ಒಂದು ಭಾಗ್ಯವಿದೆ. ಮರದಲ್ಲಿ ಬಿಡುವುದು 'ಕಾಯಿ'. ಹೊಲವನ್ನೋ ದನವನ್ನೋ ನೋಡಿಕೊಳ್ಳುವುದು 'ಕಾಯುವುದು'. ಬರಬೇಕಾದವರಿಗಾಗಿ ತಾಳ್ಮೆಯಿಂದ ಇರುವುದೂ 'ಕಾಯುವುದು'. ತಮಿಳಿನಲ್ಲಿ, ಮಲಯಾಳದಲ್ಲಿ ಕೂಡ ಕಾಯಿಯ ಪದವೂ ಕಾಪಾಡುವ ಪದವೂ ಹೀಗೆಯೇ ಹತ್ತಿರ ಹತ್ತಿರ ಇವೆ. ನಿನಗೆ ಏನು ಕಾಣಿಸುತ್ತಿದೆ? ಕಾಯಿ. ಹೌದು, ನಾನು ಕಾಯುತ್ತಿದ್ದೇನೆ. ಇದು ಅನುವಾದವಲ್ಲ, ಹಿಬ್ರೂ ಮಾತು ಹೇಳುವುದು ಮರವನ್ನು, ನಮ್ಮ ಮಾತು ಹೇಳುವುದು ಫಲವನ್ನು. ಮಕ್ಕಳಿಗೆ ಪಾಠ ಹೇಳುವಾಗ ನೆನಪಿಗೆ ಒಂದು ಗಂಟು ಎಂದಷ್ಟೇ ಇಟ್ಟುಕೊಳ್ಳೋಣ. ಆದರೂ ಈ ಗಂಟು ನಮ್ಮನ್ನು ಒಳ್ಳೆಯ ಕಡೆಗೇ ಕರೆದುಕೊಂಡು ಹೋಗುತ್ತದೆ, ಏಕೆಂದರೆ ಈ ಪಾಠದ ತಿರುಳು ಇರುವುದು ಹೂವಿಗೂ ಹಣ್ಣಿಗೂ ನಡುವಿನ ಆ ಕಾಯಿಯ ಕಾಲದಲ್ಲಿ.

ಯಾವ ಬಾದಾಮಿ?

ಮುಂದೆ ಹೋಗುವ ಮೊದಲು ಒಂದು ಗೊಂದಲ ಬಗೆಹರಿಯಲಿ. ನಮ್ಮ ಕಡೆ ಅನೇಕ ದೇವಾಲಯಗಳ ಅಂಗಳದಲ್ಲಿ, ಶಾಲೆಗಳ ಮುಂದೆ ಒಂದು ಮರವಿರುತ್ತದೆ. ಅಗಲವಾದ ಎಲೆ, ಉದುರುವ ಮುಂಚೆ ಕೆಂಪಾಗುತ್ತದೆ. ಕೊಂಬೆಗಳು ಕೊಡೆಯಂತೆ ಸುತ್ತಲೂ ಚಾಚಿರುತ್ತವೆ. ಮಕ್ಕಳು ಅದರ ಕಾಯನ್ನು ಕಲ್ಲಿನಿಂದ ಜಜ್ಜಿ ಒಳಗಿನ ತಿರುಳನ್ನು ತಿನ್ನುತ್ತಾರೆ. ಅದನ್ನು ನಾವು ಬಾದಾಮಿ ಮರ ಎನ್ನುತ್ತೇವಾದರೂ ಬೈಬಲಿನ ಬಾದಾಮಿ ಅದಲ್ಲ. ಬೈಬಲಿನದು ಪೀಚ್ ಹಣ್ಣಿನ ಒಡಹುಟ್ಟು. ನೀಲಗಿರಿಯ ಮನೆಗಳ ಹಿತ್ತಿಲಲ್ಲಿ ಪೀಚ್, ಪ್ಲಮ್ ಗಿಡಗಳನ್ನು ಕಂಡವರಿಗೆ ಅದರ ರೂಪ ಊಹಿಸುವುದು ಸುಲಭ. ಪೀಚ್ ಹಣ್ಣಿನ ಒಳಗಿರುವ ಗಟ್ಟಿ ಓಟೆಯನ್ನು ಒಡೆದರೆ ಸಿಗುವ ಬೀಜ ನೋಡಿ, ಅದೇ ಜಾಗದಲ್ಲಿ ಬಾದಾಮಿ ಇರುತ್ತದೆ. ಪೀಚಿನಲ್ಲಿ ಹೊರಗಿನ ಭಾಗ ರಸವಾಗುತ್ತದೆ, ಬಾದಾಮಿಯಲ್ಲಿ ಅದು ಚರ್ಮದಂತೆ ಒಣಗಿ ಬಿರಿಯುತ್ತದೆ.

ಪವಿತ್ರ ನಾಡಿನ ಬೆಟ್ಟಗಳಲ್ಲಿ ಚಳಿ ಇನ್ನೂ ಪೂರ್ತಿ ಹೋಗದ ಜನವರಿಯ ಕೊನೆಗೆ, ಫೆಬ್ರವರಿಯಲ್ಲಿ, ಬೇರೆ ಮರಗಳೆಲ್ಲ ಬೋಳಾಗಿ ಮಲಗಿರುವಾಗ ಬಾದಾಮಿ ಎಚ್ಚರಗೊಳ್ಳುತ್ತದೆ. ಎಲೆ ಬರುವ ಮೊದಲೇ ಬರಿಯ ರೆಂಬೆಯ ತುಂಬ ಬಿಳಿ, ನಸುಗೆಂಪು ಹೂ. ಅದಕ್ಕೇ ಅದರ ಹೆಸರು ಎಚ್ಚರವಿರುವ ಮರ ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಉಪದೇಶಕ ಗ್ರಂಥದ 12ನೇ ಅಧ್ಯಾಯದಲ್ಲಿ ಇದೇ ಬಿಳಿ ಹೂ ಮುಪ್ಪಿನವರ ನರೆಗೂದಲಿಗೆ ಗುರುತಾಗಿ ಬರುತ್ತದೆ.

ಈ ವಚನಗಳ ಮೇಲಿನ ಪ್ರಬೋಧನೆಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ: ಬಾದಾಮಿ ಎಲ್ಲಕ್ಕಿಂತ ಮೊದಲು ಏಳುತ್ತದೆ, ದೇವರೂ ಹಾಗೆಯೇ ಎಚ್ಚರವಾಗಿದ್ದಾರೆ. ಅದು ನಿಜ. ಆದರೆ ಅದು ಅರ್ಧ ಪಾಠ ಎಂಬುದು ನಮ್ಮ ಅಭಿಪ್ರಾಯ. ದಾರಿಹೋಕ ಹೂವನ್ನು ನೋಡಿ ಸಂತೋಷಪಟ್ಟು ಮುಂದೆ ಹೋಗುತ್ತಾನೆ. ತೋಟದವನು ಹೋಗಲಾರ. ಅವನ ಕೆಲಸ ಶುರುವಾಗುವುದೇ ಆಗ.

ಹೊಸ ರೈತನ ಮೊದಲ ವಸಂತ

ಇಂದು ಜಗತ್ತಿನ ಬಾದಾಮಿಯಲ್ಲಿ ಮುಕ್ಕಾಲು ಪಾಲಿನಷ್ಟು ಬರುವುದು ಅಮೆರಿಕದ ಕ್ಯಾಲಿಫೋರ್ನಿಯದಿಂದ. ಅಲ್ಲಿಗೆ ಅದನ್ನು 18ನೇ ಶತಮಾನದಲ್ಲಿ ಸ್ಪೇನಿನಿಂದ ತಂದವರು ಫ್ರಾನ್ಸಿಸ್ಕನ್ ಸಭೆಯ ಗುರುಗಳು. ಅವರ ಮಿಷನ್ ಕೇಂದ್ರಗಳು ಇದ್ದದ್ದು ಸಮುದ್ರದ ಅಂಚಿನಲ್ಲಿ. ಆ ತೇವದ ತಂಪು ಬಾದಾಮಿಗೆ ಒಗ್ಗಲಿಲ್ಲ. ಒಳನಾಡಿನ ಕಣಿವೆಯಲ್ಲಿ ಅದು ಊರಿದ್ದು ಮುಂದಿನ ಶತಮಾನದಲ್ಲಿ. ಆ ಕಣಿವೆಯಲ್ಲಿ ಹೊಸದಾಗಿ ತೋಟ ಮಾಡಲು ಹೊರಟ ಒಬ್ಬನನ್ನು ಕಲ್ಪಿಸಿಕೊಳ್ಳಿ. ಹಳಬರಿಂದ ಅವನು ಕಲಿಯಬೇಕಾದ ಪಾಠಗಳನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಯೆರೆಮೀಯನಿಗೆ ತೋರಿಸಿದ ರೆಂಬೆ ಆಗ ಬೇರೆಯಾಗಿ ಕಾಣುತ್ತದೆ.

ಫೆಬ್ರವರಿಯ ಮಧ್ಯದಲ್ಲಿ ತೋಟ ಒಮ್ಮೆಗೇ ಬೆಳ್ಳಗಾಗುತ್ತದೆ. ಹೊಸಬನಿಗೆ ಹಿಗ್ಗು. ಪಕ್ಕದ ತೋಟದ ಹಳಬ ಮಾತ್ರ ಹೂವಿನ ಕಡೆ ಅಷ್ಟಾಗಿ ನೋಡುವುದಿಲ್ಲ. ಅವನ ಕಣ್ಣು ಇರುವುದು ಥರ್ಮಾಮೀಟರಿನ ಮೇಲೆ, ಮೋಡದ ಮೇಲೆ, ಸಾಲಿನ ಕೊನೆಯಲ್ಲಿ ಇಟ್ಟಿರುವ ಜೇನುಪೆಟ್ಟಿಗೆಗಳ ಮೇಲೆ. ಹೆಚ್ಚಿನ ಬಾದಾಮಿ ತಳಿಗಳು ತಮ್ಮದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಪಕ್ಕದ ಸಾಲಿನಲ್ಲಿ ಬೇರೆ ತಳಿ ಇರಬೇಕು, ಎರಡೂ ಒಂದೇ ಸಮಯಕ್ಕೆ ಅರಳಬೇಕು, ಇದರ ಪರಾಗವನ್ನು ಅದಕ್ಕೆ, ಅದರದನ್ನು ಇದಕ್ಕೆ ಜೇನುನೊಣ ಹೊತ್ತು ತರಬೇಕು. ಎಕರೆಗೆ ಎರಡು ಪೆಟ್ಟಿಗೆ ಎಂಬುದು ರೂಢಿಯ ಲೆಕ್ಕ. ಒಂದೇ ತಳಿಯ ತೋಟ ಹಾಕಿದವನಿಗೆ ಕಣ್ತುಂಬ ಹೂ ಸಿಗುತ್ತದೆ, ಕಾಯಿ ಸಿಗುವುದಿಲ್ಲ. ನಾಲ್ಕು ಭಾಷೆಯವರು ಒಂದೇ ಧರ್ಮಕ್ಷೇತ್ರದಲ್ಲಿ ಬದುಕುವ ನಮಗೆ ಇದರಲ್ಲಿ ಬೇರೆಯೇ ಒಂದು ಪಾಠವಿದೆ. ಅದನ್ನು ಇನ್ನೊಂದು ತಿಂಗಳಿಗೆ ಇಟ್ಟುಕೊಳ್ಳೋಣ. ಇನ್ನು, ಜೇನು ಇದ್ದರೆ ಸಾಕೇ? ಬಿಸಿಲು ಏರಿ ಸುಮಾರು 13 ಡಿಗ್ರಿ ಸೆಲ್ಸಿಯಸ್ ಆಗದೆ ಅದು ಗೂಡು ಬಿಟ್ಟು ಹೆಚ್ಚು ಹೊರಬರುವುದಿಲ್ಲ. ಮಳೆ ಹಿಡಿದರೂ ಇಲ್ಲ, ಗಾಳಿ ಜೋರಾದರೂ ಇಲ್ಲ. ಹೂವಿಗೆ ಇರುವುದು ಕೆಲವೇ ದಿನ. ಹೊಸಬ ಏನು ಮಾಡಬಲ್ಲ? ಪೆಟ್ಟಿಗೆ ಇಡಬಲ್ಲ, ಹೂ ಅರಳಿರುವಾಗ ಜೇನಿಗೆ ತೊಂದರೆಯಾಗುವ ಔಷಧಿ ಹೊಡೆಯದಿರಬಲ್ಲ, ಆಕಾಶ ನೋಡಬಲ್ಲ.

ಆಮೇಲೆ ಹಿಮ. ಉದಕಮಂಡಲದ ಹುಲ್ಲಿನ ಮೇಲೆ ಜನವರಿಯ ಬೆಳಗಿನಲ್ಲಿ ಬೆಳ್ಳಗೆ ಕೂತಿರುವ ಹಿಮವನ್ನು ಕಂಡವರಿಗೆ ಅದು ಎಳೆ ಚಿಗುರಿಗೆ ಏನು ಮಾಡುತ್ತದೆ ಎಂದು ಹೇಳಬೇಕಾಗಿಲ್ಲ. ಬಾದಾಮಿ ಬೇಗ ಏಳುವ ಮರವಾದ್ದರಿಂದ ಈ ಅಪಾಯ ಅದಕ್ಕೇ ಹೆಚ್ಚು. ಇಲ್ಲಿ ಹೊಸಬನಿಗೆ ತಿಳಿಯದ ಒಂದು ಸಂಗತಿ ಇದೆ. ಮುಚ್ಚಿದ ಮೊಗ್ಗು ಹೆಚ್ಚು ಚಳಿ ತಡೆಯುತ್ತದೆ. ಅರಳಿದ ಹೂ ಅದಕ್ಕಿಂತ ಕಡಿಮೆ. ಸೊನ್ನೆಗಿಂತ ಎರಡು ಡಿಗ್ರಿ ಕೆಳಗಿನವರೆಗೆ ಹೇಗೋ ತಾಳೀತು. ಪಕಳೆ ಉದುರಿ, ಹುರುಳಿಕಾಳಿನಷ್ಟು ಎಳೆಗಾಯಿ ಕಾಣಿಸಿಕೊಂಡಾಗ ಅದಕ್ಕೆ ಸೊನ್ನೆಗಿಂತ ಒಂದು ಡಿಗ್ರಿ ಕೆಳಗೆ ಇಳಿದರೂ ಕುತ್ತು. ಅಂದರೆ ನೋಡುವವರೆಲ್ಲ ಬಂದು ಹೋದ ಮೇಲೆ, ಅಂದವೆಲ್ಲ ನೆಲಕ್ಕೆ ಬಿದ್ದ ಮೇಲೆ, ಮರ ಎಂದಿಗಿಂತ ಹೆಚ್ಚು ನಾಜೂಕಾಗಿರುತ್ತದೆ.

ಹಾಗಾಗಿ ಕಾವಲು ಬೇಕಾದದ್ದು ಮಾರ್ಚಿನ ರಾತ್ರಿಗಳಲ್ಲಿ. ಚಳಿ ತೀರಾ ಇಳಿಯುವುದು ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ. ರೈತ ನಡುರಾತ್ರಿ ಕಳೆದ ಮೇಲೆ ಎದ್ದು, ತೋಟದ ತಗ್ಗಿನ ಮೂಲೆಯಲ್ಲಿ ನೇತುಹಾಕಿದ ಥರ್ಮಾಮೀಟರಿಗೆ ಟಾರ್ಚ್ ಹಿಡಿದು ನೋಡುತ್ತಾನೆ. ತಂಪು ಗಾಳಿ ನೀರಿನಂತೆ ತಗ್ಗಿಗೇ ಹರಿದು ನಿಲ್ಲುತ್ತದೆ. ಸಾಲುಗಳ ನಡುವಿನ ಹುಲ್ಲನ್ನು ಮೊದಲೇ ಕತ್ತರಿಸಿರುತ್ತಾನೆ, ನೆಲಕ್ಕೆ ನೀರು ಕೊಟ್ಟಿರುತ್ತಾನೆ. ಒದ್ದೆಯಾದ ಬೋಳು ನೆಲ ಹಗಲಿನ ಬಿಸಿಲನ್ನು ಹೀರಿಟ್ಟು ರಾತ್ರಿ ಮೆಲ್ಲಗೆ ಬಿಟ್ಟುಕೊಡುತ್ತದೆ. ಅದರಿಂದ ಸಿಗುವುದು ಒಂದೆರಡು ಡಿಗ್ರಿ. ಬೆಳೆ ಉಳಿಯುವುದೂ ಅಷ್ಟರಲ್ಲೇ.

ಏಪ್ರಿಲ್ ಹೊತ್ತಿಗೆ ಇನ್ನೊಂದು ಗಾಬರಿ. ಮರದ ಕೆಳಗೆ ಎಳೆಗಾಯಿಗಳು ರಾಶಿ ಬೀಳತೊಡಗುತ್ತವೆ. ಒಮ್ಮೆ ಬಿದ್ದು ನಿಂತಿತು ಎನ್ನುವಷ್ಟರಲ್ಲಿ ಮತ್ತೊಮ್ಮೆ. ಹೊಸಬನಿಗೆ ಎದೆ ಧಸಕ್ಕೆನ್ನುತ್ತದೆ. ನೀರು ಹೆಚ್ಚಿಸುತ್ತಾನೆ, ಗೊಬ್ಬರ ಸುರಿಯುತ್ತಾನೆ. ಪರಾಗ ತಾಗದ ಕಾಯಿ, ಮರ ಸಾಕಲಾರದ ಕಾಯಿ ಉದುರುವುದು ಸಹಜ ಎಂದು ಹಳಬನಿಗೆ ಗೊತ್ತು. ಒಳ್ಳೆಯ ವರ್ಷದಲ್ಲೂ ಮೂರು ಹೂವಿನಲ್ಲಿ ಒಂದು ಕಾಯಿ ನಿಂತರೆ ಅವನಿಗೆ ತೃಪ್ತಿ. ಹೆಚ್ಚು ನೀರು ನಿಂತರೆ ಬಾದಾಮಿಯ ಬೇರು ಉಸಿರುಕಟ್ಟಿ ಸಾಯುತ್ತದೆ. ಹೊಸ ಸಸಿಗಳನ್ನಂತೂ ಬಾಯಾರಿಕೆಗಿಂತ ಅತಿಯಾದ ಪ್ರೀತಿಯೇ ಬೇಗ ಕೊಲ್ಲುತ್ತದೆ. ಕಾಯುವುದೆಂದರೆ ಕೆಲವು ಸಲ ಕೈ ಕಟ್ಟಿಕೊಂಡು ನೋಡುತ್ತಿರುವುದು.

ಮೇ ಬರುವಾಗ ಕಾಯಿ ಹೊರಗಿನಿಂದ ಪೂರ್ತಿ ಬೆಳೆದಂತೆ ಕಾಣುತ್ತದೆ, ಹಸಿರಾಗಿ, ಮೈಮೇಲೆ ನವಿರಾದ ತುಪ್ಪಳದೊಂದಿಗೆ. ಸೀಳಿ ನೋಡಿದರೆ ಒಳಗೆ ಬರಿಯ ಲೋಳೆ. ಪ್ಯಾಲೆಸ್ತೀನ್, ಲೆಬನಾನ್ ಕಡೆಯ ಜನ ವಸಂತದಲ್ಲಿ ಈ ಎಳೆಗಾಯನ್ನೇ ಉಪ್ಪು ಹಚ್ಚಿಕೊಂಡು ತಿನ್ನುತ್ತಾರೆ, ನಮ್ಮವರು ಮಾವಿನ ಮಿಡಿ ಕಚ್ಚುವ ಹಾಗೆ. ಬೀಜ ಗಟ್ಟಿಯಾಗುವುದು, ತಿರುಳು ತುಂಬುವುದು ಇನ್ನು ಮೇಲೆ, ಓಟೆಯ ಒಳಗೆ, ಯಾರಿಗೂ ಕಾಣದಂತೆ. ಕೊಯ್ಲು ಆಗಸ್ಟಿನಿಂದ. ಎಲ್ಲಕ್ಕಿಂತ ಮೊದಲು ಹೂ ಬಿಟ್ಟ ಮರದ ಬೆಳೆ, ಅದರ ನಂತರ ಹೂ ಬಿಟ್ಟ ಎಷ್ಟೋ ಹಣ್ಣುಗಳು ಸಂತೆಗೆ ಹೋಗಿ ಮುಗಿದ ಮೇಲೆ ಕೈಗೆ ಬರುತ್ತದೆ. ಅದೂ ಹಳೆಯ ಮರದ ಮಾತು. ಹೊಸದಾಗಿ ನೆಟ್ಟ ಸಸಿಯಾದರೆ ಮೊದಲ ಬೆಳೆಗೇ ಮೂರು ನಾಲ್ಕು ವರ್ಷ ಬೇಕು.

ನಲವತ್ತು ವರ್ಷದ ಕಾಯಿ

ಈಗ ಮತ್ತೆ ಯೆರೆಮೀಯನ ಬಳಿಗೆ ಬರೋಣ. ಅವನಿಗೆ ಕರೆ ಬಂದದ್ದು ಅರಸ ಯೋಷೀಯನ ಆಳ್ವಿಕೆಯ 13ನೇ ವರ್ಷದಲ್ಲಿ, ಎಂದರೆ ಕ್ರಿ.ಪೂ. 627ರ ಸುಮಾರಿಗೆ. ಅವನ ಬಾಯಲ್ಲಿ ದೇವರು ಇಟ್ಟ ಎಚ್ಚರಿಕೆಯ ಮಾತು ನೆರವೇರಿ ಜೆರುಸಲೇಮ್ ಬಿದ್ದದ್ದು ಕ್ರಿ.ಪೂ. 587ರಲ್ಲಿ. ನಡುವೆ ನಲವತ್ತು ವರ್ಷ. ಹೂ ಬೇಗ ಬಂತು. ಕಾಯಿ ಬಲಿಯಲು ಒಂದು ಆಯುಸ್ಸು ಹಿಡಿಯಿತು. ಅಷ್ಟು ವರ್ಷ ಜನ ಅವನನ್ನು ಹಂಗಿಸಿದರು, ಆ ವಾಕ್ಯ ಎಲ್ಲಿ, ಬರಲಿ ನೋಡೋಣ ಎಂದು (17:15). ಹೊಡೆದರು, ಕೋಳಕ್ಕೆ ಹಾಕಿದರು, ಕೆಸರಿನ ಬಾವಿಗೆ ಇಳಿಸಿದರು. ಅವನಿಗೂ ಸಾಕಾಯಿತು, ದೇವರೊಡನೆ ಜಗಳವಾಡಿದನು, ಹುಟ್ಟಿದ ದಿನವನ್ನು ಶಪಿಸಿದನು. ಬಾದಾಮಿ ರೆಂಬೆಯನ್ನು ಅವನಿಗೆ ಮೊದಲ ದಿನವೇ ತೋರಿಸಿದ್ದು ಯಾಕೆ ಎಂದು ಇಲ್ಲಿ ಅರ್ಥವಾಗುತ್ತದೆ. ಮಾತು ಬಾರದ ಈ ಹೊಸಬನಿಗೆ ದೇವರು ಹೇಳಿಕೊಟ್ಟದ್ದು ಭಾಷಣದ ಕಲೆಯನ್ನಲ್ಲ. ವಾಕ್ಯವನ್ನು ಬೆಳೆಸುವುದು ನನ್ನ ಕೆಲಸ, ನಡುವಿನ ರಾತ್ರಿಗಳಲ್ಲಿ ನಾನು ಮಲಗಿರುವುದಿಲ್ಲ ಎಂದು ಹೇಳಿದರು.

ಎಚ್ಚರವಿದ್ದು ಕಾಯುವ ಆ ಹಿಬ್ರೂ ಕ್ರಿಯಾಪದ ಈ ಗ್ರಂಥದಲ್ಲಿ ಮತ್ತೆ ಮತ್ತೆ ತಲೆಯೆತ್ತುತ್ತದೆ. 5:6ರಲ್ಲಿ ಊರಿನ ಹೊರಗೆ ಹೊಂಚಿ ಕಾಯುವ ಚಿರತೆಗೆ ಅದೇ ಪದ. 44:27ರಲ್ಲಿ ದೇವರು ಕೇಡಿಗಾಗಿ ಕಾಯುತ್ತಾರೆ ಎನ್ನುವ ಕಠಿಣ ಮಾತು. ಹೀಗಾಗಿ ದೇವರು ಕಾಯುತ್ತಾರೆ ಎಂಬುದು ಬರಿಯ ಸಿಹಿ ಮಾತಲ್ಲ, ಅದನ್ನು ಕೇಳಿ ನಡುಗಿದವರೂ ಇದ್ದರು. ಆದರೆ 31:28ನ್ನು ತಪ್ಪದೆ ಓದಿ. ಕರೆಯ ದಿನ ಕೇಳಿದ ಆ ಕ್ರಿಯಾಪದಗಳು ಅಲ್ಲಿ ಹಿಂತಿರುಗಿ ಬರುತ್ತವೆ. ಕೀಳುವುದಕ್ಕೂ ಕೆಡವುವುದಕ್ಕೂ ಹೇಗೆ ಎಚ್ಚರದಿಂದ ಕಾದರೋ ಹಾಗೆಯೇ ಇನ್ನು ಮೇಲೆ ಕಟ್ಟುವುದಕ್ಕೂ ನೆಡುವುದಕ್ಕೂ ಕಾಯುವುದಾಗಿ ದೇವರು ಮಾತು ಕೊಡುತ್ತಾರೆ.

ಅದರ ಮರು ಅಧ್ಯಾಯದಲ್ಲೇ ಯೆರೆಮೀಯ ಜಮೀನು ಕೊಳ್ಳುತ್ತಾನೆ! ಬಾಬಿಲೋನಿನ ಸೈನ್ಯ ನಗರವನ್ನು ಸುತ್ತುವರಿದಿದೆ, ಅವನು ಕಾವಲಿನಲ್ಲಿ ಬಂಧಿ. ಚಿಕ್ಕಪ್ಪನ ಮಗ ಬಂದು ಅನಾತೋತಿನ ಹೊಲವನ್ನು ಕೊಂಡುಕೋ ಎನ್ನುತ್ತಾನೆ. ಶತ್ರುವಿನ ಕಾಲಡಿ ಇರುವ ಹೊಲಕ್ಕೆ ಯಾರಾದರೂ ಹಣ ಕೊಡುತ್ತಾರೆಯೇ? ಇವನು 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟನು, ಸಾಕ್ಷಿಗಳ ಮುಂದೆ ಪತ್ರ ಮಾಡಿಸಿದನು, ಆ ಪತ್ರಗಳು ಬಹುಕಾಲ ಕೆಡದಿರಲೆಂದು ಮಣ್ಣಿನ ಕುಡಿಕೆಯಲ್ಲಿ ಇಡಿಸಿದನು. ಆ ಹೊಲವನ್ನು ಅವನು ಉತ್ತನೆಂದು ಗ್ರಂಥ ಹೇಳುವುದಿಲ್ಲ. ಅವನನ್ನು ಜನ ತಮ್ಮೊಂದಿಗೆ ಈಜಿಪ್ಟಿಗೆ ಕರೆದೊಯ್ದರು. ಗ್ರಂಥದಲ್ಲಿ ಅವನು ನಮಗೆ ಕೊನೆಗೆ ಕಾಣುವುದೂ ಅಲ್ಲಿಯೇ.

ಆರೋನನ ಕೋಲಿನ ಕಥೆ (ಸಂಖ್ಯಾಕಾಂಡ 17) ಇದಕ್ಕೆ ವಿರುದ್ಧವಲ್ಲವೇ ಎಂದು ಯಾರಾದರೂ ಕೇಳಬಹುದು. ಅಲ್ಲಿ ಒಣ ಕೋಲು ಒಂದೇ ರಾತ್ರಿಯಲ್ಲಿ ಚಿಗುರಿ, ಹೂಬಿಟ್ಟು, ಮಾಗಿದ ಬಾದಾಮಿಯನ್ನೂ ಕೊಟ್ಟಿತು. ರೈತನ ಆರೇಳು ತಿಂಗಳ ಕೆಲಸ ಒಂದು ರಾತ್ರಿಯಲ್ಲಿ! ಫಲ ಕೊಡುವವರು ಯಾರೆಂದು ತೋರಿಸಲು ದೇವರು ಅದನ್ನು ಒಮ್ಮೆ ಮಾಡಿದರು. ಆ ಕೋಲನ್ನು ಗುರುತಾಗಿ ಮಂಜೂಷದ ಮುಂದೆ ಇಡಿಸಿದರು. ಪ್ರತಿದಿನದ ಪೂಜೆಗೆ ಕೊಟ್ಟದ್ದು ಬೇರೆಯದನ್ನು: ಬಾದಾಮಿ ಹೂವಿನ ಆಕಾರದ ಬಟ್ಟಲುಗಳಿದ್ದ ಚಿನ್ನದ ದೀಪಸ್ತಂಭ (ವಿಮೋಚನಾಕಾಂಡ 25). ಅದರ ದೀಪ ಸಂಜೆಯಿಂದ ಬೆಳಗಿನವರೆಗೆ ಉರಿಯುತ್ತಿರಬೇಕಿತ್ತು, ಅದಕ್ಕೆ ಎಣ್ಣೆ ಜನರೇ ತರಬೇಕಿತ್ತು, ಯಾಜಕನೇ ಅದನ್ನು ನೋಡಿಕೊಳ್ಳಬೇಕಿತ್ತು.

ಹೊಸದಾಗಿ ನೆಟ್ಟವರು

ಪಾಸ್ಕ ಜಾಗರಣೆಯ ರಾತ್ರಿ ದೀಕ್ಷಾಸ್ನಾನ ಪಡೆದ ವಯಸ್ಕರಿಗೆ ಧರ್ಮಸಭೆಯಲ್ಲಿ ಒಂದು ಹಳೆಯ ಗ್ರೀಕ್ ಹೆಸರಿದೆ: ನಿಯೋಫಿಟ್. ಹೊಸದಾಗಿ ನೆಟ್ಟದ್ದು ಎಂದು ಅದರ ಅರ್ಥ. ಸಂತ ಪೌಲರ ಹೆಸರಿನ ಪತ್ರದಲ್ಲಿ (1 ತಿಮೊಥೇಯ 3:6), ಸಭೆಯ ಮೇಲ್ವಿಚಾರಕ ಇಂಥ ಹೊಸ ಸಸಿಯಾಗಿರಬಾರದು ಎಂದಿದೆ. ಕೀರ್ತನೆ 128ರಲ್ಲಿ ಊಟದ ಸುತ್ತ ಕೂತ ಮಕ್ಕಳನ್ನು ಓಲಿವ್ ಸಸಿಗಳಿಗೆ ಹೋಲಿಸುವಲ್ಲಿಯೂ ಹಳೆಯ ಗ್ರೀಕ್ ಅನುವಾದ ಇದೇ ಪದವನ್ನು ಬಳಸಿದೆ. ಪಾಸ್ಕದಿಂದ ಪೆಂತೆಕೋಸ್ತಿನವರೆಗಿನ ಐವತ್ತು ದಿನಗಳನ್ನು ಧರ್ಮಸಭೆ ವಿಶೇಷವಾಗಿ ಈ ಹೊಸಬರ ಪಾಲನೆಗೆ ಮೀಸಲಿಟ್ಟಿದೆ. ಅವರು ಸಮುದಾಯದೊಂದಿಗೆ ಸೇರಿ ತಾವು ಪಡೆದ ಸಂಸ್ಕಾರಗಳ ಅರ್ಥವನ್ನು ಬದುಕಿ ತಿಳಿಯುವ ಕಾಲ ಅದು.

ಪಾಸ್ಕ ರಾತ್ರಿ ಹೂವಿನ ದಿನ. ಬಿಳಿ ಬಟ್ಟೆ, ಉರಿಯುವ ಮೇಣದಬತ್ತಿ, ಫೋಟೋ, ಪೂಜೆಯ ನಂತರ ಊಟ. ಮೊದಲ ಪರಮಪ್ರಸಾದ, ದೃಢೀಕರಣದ ದಿನಗಳೂ ಹಾಗೆಯೇ. ಆ ದಿನ ಅವರನ್ನು ನೋಡದವರಿಲ್ಲ. ನಾವು ಕೇಳಬೇಕಾದದ್ದು ಆರು ವಾರದ ನಂತರದ ಭಾನುವಾರವನ್ನು.

ಗಡಿನಾಡಿನ ನಮ್ಮ ಪರಿಸ್ಥಿತಿಯಲ್ಲಿ ಎಳೆಗಾಯಿಗೆ ಚಳಿ ಹಿಡಿಯುವ ದಾರಿಗಳು ಬೇರೆ ಕಡೆಗಿಂತ ಹೆಚ್ಚು. ಮಗು ಶಾಲೆಯಲ್ಲಿ ತಮಿಳು ಓದುತ್ತದೆ, ಧರ್ಮೋಪದೇಶದ ತರಗತಿಯೂ ತಮಿಳಿನಲ್ಲಿ. ಮನೆಯಲ್ಲಿ ಅಜ್ಜಿ ಜಪಸರ ಹೇಳುವುದು ಕನ್ನಡದಲ್ಲಿ. ಎರಡು ಭಾಷೆಯಲ್ಲೂ ಅರ್ಧರ್ಧ ಪ್ರಾರ್ಥನೆ ಕಲಿತ ಮಗು ಎರಡು ಪೂಜೆಗಳಲ್ಲೂ ಹಿಂದಿನ ಸಾಲಿನಲ್ಲಿ ನಿಲ್ಲುತ್ತದೆ. ಕನ್ನಡ ಪೂಜೆಯವರು ಅವನು ತಮಿಳು ಪೂಜೆಗೆ ಹೋಗುತ್ತಾನೆ ಎಂದುಕೊಳ್ಳುತ್ತಾರೆ, ಅವರು ಇವರ ಕಡೆ ಇದ್ದಾನೆ ಎಂದುಕೊಳ್ಳುತ್ತಾರೆ. ಹೊಸದಾಗಿ ದೀಕ್ಷೆ ಪಡೆದು ಬೇರೆ ಊರಿನಿಂದ ಸೊಸೆಯಾಗಿ ಬಂದ ಹೆಣ್ಣುಮಗಳಿಗೆ ಪೂಜೆಯ ಉತ್ತರಗಳೇ ಗೊತ್ತಾಗುವುದಿಲ್ಲ, ಕೇಳಲು ನಾಚಿಕೆ. ಕೆಲಸಕ್ಕೆಂದು ತಿರುಪ್ಪೂರಿಗೋ ಮೈಸೂರಿಗೋ ಹೋದ ಕುಟುಂಬದ ಹೆಸರು ನಮ್ಮ ಪುಸ್ತಕದಲ್ಲಿ ಉಳಿಯುತ್ತದೆ, ಅಲ್ಲಿಯ ಧರ್ಮಕೇಂದ್ರದ ಪುಸ್ತಕಕ್ಕೆ ಏರುವುದಿಲ್ಲ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಥರ್ಮಾಮೀಟರ್ ನೋಡುವವರು ಇರಲಿಲ್ಲ, ಅಷ್ಟೆ.

ಇಲ್ಲಿ ಮುಖ್ಯ ಹೊಣೆ ಜ್ಞಾನತಂದೆ, ಜ್ಞಾನತಾಯಿಯರದು. 1983ರ ಧರ್ಮಸಭಾ ಕಾನೂನಿನ 872ನೇ ವಿಧಿ ಅವರ ಕೆಲಸವನ್ನು ದೀಕ್ಷಾಸ್ನಾನದ ಗಂಟೆಗೆ ಮುಗಿಸುವುದಿಲ್ಲ. ದೀಕ್ಷೆ ಪಡೆದವರು ಅದಕ್ಕೆ ತಕ್ಕಂತೆ ಬದುಕಲು ನೆರವಾಗುವುದೂ ಅವರ ಕರ್ತವ್ಯ ಎನ್ನುತ್ತದೆ. ಆದರೆ ನಾವು ಜ್ಞಾನತಂದೆಯನ್ನು ಆರಿಸುವುದು ಹೇಗೆ? ಸ್ಥಾನಮಾನ ನೋಡಿ, ದೂರದ ಊರಿನ ಅನುಕೂಲಸ್ಥ ನೆಂಟರನ್ನು ನೋಡಿ, ಉಂಗುರ ಕೊಟ್ಟಾರು ಎಂದು ನೋಡಿ. ಹತ್ತಿರವಿದ್ದು, ವಾರಕ್ಕೊಮ್ಮೆಯಾದರೂ ಮುಖ ನೋಡಬಲ್ಲವರು, ಮಗುವಿನ ಭಾಷೆ ಬಲ್ಲವರು ಸಿಕ್ಕರೆ ಅವರೇ ಉತ್ತಮ ಎಂದು ನಾವು ಖಡಾಖಂಡಿತವಾಗಿ ಹೇಳುತ್ತೇವೆ.

ತೋಟದ ಹೋಲಿಕೆ ಒಂದು ಕಡೆ ಕೈಕೊಡುತ್ತದೆ, ಅದನ್ನೂ ಹೇಳಿಬಿಡಬೇಕು. ಮೂರರಲ್ಲಿ ಎರಡು ಉದುರಿದರೆ ಬಾದಾಮಿ ರೈತ ನಿಶ್ಚಿಂತೆಯಿಂದ ಇರಬಲ್ಲ. ಧರ್ಮಸಭೆ ಇರಲಾರದು. ನೂರರಲ್ಲಿ ಒಂದು ಕುರಿ ತಪ್ಪಿದಾಗ ಕುರುಬ ಏನು ಮಾಡಿದನೆಂದು ಯೇಸುಸ್ವಾಮಿ ಹೇಳಿದ್ದಾರೆ (ಲೂಕ 15). ಮೂರು ವರ್ಷ ಫಲ ಕೊಡದ ಅಂಜೂರದ ಮರವನ್ನು ಕಡಿಯಲು ಒಡೆಯ ಹೇಳಿದಾಗ ತೋಟಗಾರ ಇನ್ನೊಂದು ವರ್ಷ ಬೇಡಿದನು, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ ಎಂದನು (ಲೂಕ 13:6-9). ಆದ್ದರಿಂದ ಬರದವರ ಬಗ್ಗೆ, ಅವರು ನಿಲ್ಲುವ ಕಾಯಾಗಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಆ ತೋಟಗಾರನಿಂದ ಇನ್ನೊಂದನ್ನೂ ಗಮನಿಸಿ, ಅವನು ಮರವನ್ನು ಬೈಯಲಿಲ್ಲ.

ಹಾಗಾದರೆ ಕಾಯುವವರು ದೇವರೋ ನಾವೋ? ಕೀರ್ತನೆ 127ರ ಮೊದಲ ವಚನದಲ್ಲಿ ಉತ್ತರವಿದೆ. ನಗರವನ್ನು ಸರ್ವೇಶ್ವರ ಕಾಯದಿದ್ದರೆ ಕಾವಲುಗಾರ ಎಚ್ಚರವಿರುವುದು ವ್ಯರ್ಥ ಎನ್ನುವ ಅರ್ಥದ ಮಾತದು. ಅಲ್ಲಿ ಆ ಮನುಷ್ಯನ ಎಚ್ಚರಕ್ಕೆ ಹಿಬ್ರೂವಿನಲ್ಲಿ ಬಳಸಿರುವುದು ಯೆರೆಮೀಯನ ಬಾದಾಮಿಯ ಕ್ರಿಯಾಪದವನ್ನೇ. ಕಾವಲುಗಾರ ಮನೆಗೆ ಹೋಗಿ ಮಲಗಲಿ ಎಂದು ಕೀರ್ತನೆ ಹೇಳಲಿಲ್ಲ. ತಾಳವಾಡಿಯ ಕಡೆ ಕಾಡಂಚಿನ ಹೊಲಗಳಲ್ಲಿ ಆನೆ, ಹಂದಿ ನುಗ್ಗದಂತೆ ರಾತ್ರಿಯಿಡೀ ಅಟ್ಟಣೆಯ ಮೇಲೆ ಕೂರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆ ಕೊಟ್ಟವರು, ಕಾಳು ತುಂಬಿಸಿದವರು ದೇವರೆಂದು ಅವರಿಗೆ ಗೊತ್ತು. ಆದರೂ ಕಂಬಳಿ ಹೊದ್ದು ಅಟ್ಟಣೆ ಹತ್ತುತ್ತಾರೆ. ಯೆಶಾಯನ ಗ್ರಂಥದ ಮೊದಲ ಅಧ್ಯಾಯದಲ್ಲಿ (1:8) ಸೌತೆಯ ತೋಟದ ಕಾವಲು ಗುಡಿಸಲು ಬರುತ್ತದೆ. ಓದುವಾಗ ನಮ್ಮ ಅಟ್ಟಣೆಯನ್ನು ನೆನೆಸಿಕೊಳ್ಳಿ.

ಮುಂದಿನ ಕಿರು ಕ್ರೈಸ್ತ ಸಮುದಾಯದ ಕೂಟಕ್ಕೆ ಬರುವಾಗ ಯೆರೆಮೀಯ 32:6-15ನ್ನು ಮನೆಯಲ್ಲಿ ಗಟ್ಟಿಯಾಗಿ ಓದಿಕೊಂಡು ಬನ್ನಿ. ಜೊತೆಗೆ ಒಂದು ಚೀಟಿ ತನ್ನಿ. ಕಳೆದ ಎರಡು ಪಾಸ್ಕಗಳಲ್ಲಿ ನಿಮ್ಮ ವಾರ್ಡಿನಲ್ಲಿ ದೀಕ್ಷಾಸ್ನಾನ, ದೃಢೀಕರಣ ಪಡೆದವರ ಹೆಸರುಗಳನ್ನು ಅದರಲ್ಲಿ ಬರೆದಿರಲಿ. ಈಗ ಯಾವ ಊರಿನಲ್ಲಿದ್ದಾರೆ, ಯಾವ ಭಾಷೆಯ ಪೂಜೆಗೆ ಹೋಗುತ್ತಾರೆ, ಕೊನೆಯ ಸಲ ಅವರನ್ನು ಕಂಡವರು ಯಾರು ಎಂಬುದೂ ಇರಲಿ. ಗೊತ್ತಿಲ್ಲದ ಕಡೆ ಖಾಲಿ ಬಿಡಿ. ಕೂಟದ ಮೊದಲ ಅರ್ಧ ಗಂಟೆ ಆ ಖಾಲಿ ಜಾಗಗಳಿಗೆ; ತಮಿಳು ಮತ್ತು ಮಲಯಾಳ ವಾರ್ಡುಗಳ ಮುಖಂಡರನ್ನೂ ಕರೆಯಿರಿ, ಅವರ ಬಳಿ ನಮ್ಮವರಲ್ಲಿ ಕೆಲವರ ವಿಳಾಸ ಇರಬಹುದು.